ಹಳೇ ಕೋಟೆಯ ಓಬಳೇಶ

ಓಬಳೇಶನನ್ನು ಒಂದು ಕಡೆ ಕೂರಿಸುವುದು ಯಾರಿಂದಲೂ ಆಗದ ಕೆಲಸ. ಊಟಕ್ಕೆ ಕೂತರೆ ಅರ್ಧಕ್ಕೆ ಎದ್ದು ಬಾಗಿಲ ತನಕ ಹೋಗಿ ಬರುತ್ತಾನೆ. ಫೋನಿನಲ್ಲಿ ಮಾತಿಗೆ ನಿಂತರೆ ತುಂಗಭದ್ರಾ ಡ್ಯಾಂ ಕ್ವಾರ್ಟರ್ಸಿನ ಅಂಗಳವನ್ನು ಹತ್ತು ಸಲ ಸುತ್ತುತ್ತಾನೆ. ಕಟಿಂಗ್ ಅಂಗಡಿಯವನು ಇವನ ತಲೆಯನ್ನು ಎಡಗೈಯಲ್ಲಿ ಒತ್ತಿ ಹಿಡಿದುಕೊಂಡೇ ಬಲಗೈಯಲ್ಲಿ ಕತ್ತರಿ ಆಡಿಸಬೇಕು. "ಇವರ ಕಾಲಾಗ ಮೋಟಾರ್ ಕುಂದ್ರಿಸ್ಯಾರ" ಎಂದು ಹೆಂಡತಿ ರೇಣುಕಮ್ಮ ಬಂದವರ ಮುಂದೆಲ್ಲ ಹೇಳುತ್ತಾಳೆ. ಮೂವತ್ತೇಳು ವರ್ಷವಾದರೂ ಆ ಮೋಟಾರಿನ ಬಿಸಿ ಇನ್ನೂ ಆರಿಲ್ಲ.

ಹೊಟ್ಟೆಪಾಡು ಕಾಲುವೆ ಕಚೇರಿಯಲ್ಲಿ. ಕಾಲುವೆ ಗೋಡೆಗೆ ಬಣ್ಣದಲ್ಲಿ ಬರೆದ ಅಡಿಪಟ್ಟಿಯ ಯಾವ ಗೆರೆಗೆ ನೀರು ಮುಟ್ಟಿದೆ ಎಂದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ ಬರೆದುಕೊಳ್ಳಬೇಕು. ಅದರ ಪಕ್ಕದಲ್ಲೇ ಇನ್ನೊಂದು ಕಾಲಂ ಇರುತ್ತದೆ, ಹೋದ ವರ್ಷ ಇದೇ ದಿನ ಎಷ್ಟಿತ್ತು ಅಂತ. ಹದಿಮೂರು ವರ್ಷ ಈ ಎರಡು ಕಾಲಂ ತುಂಬಿ ತುಂಬಿ ಅವನಿಗೆ ಒಂದು ಚಟ ಅಂಟಿಕೊಂಡಿದೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ಹಿಂದಿನದರ ಪಕ್ಕ ಇಟ್ಟು ನೋಡದೆ ಅವನಿಗೆ ಸಮಾಧಾನವಿಲ್ಲ. ಹೊಸ ಬಸ್ಸು ಬಂದರೆ ಹಳೆಯದರ ಸೀಟು ಚೆನ್ನಾಗಿತ್ತು ಎನ್ನುತ್ತಾನೆ. ತಟ್ಟೆಗೆ ಉಪ್ಪಿಟ್ಟು ಬಿದ್ದರೆ, "ಮೊನ್ನಿ ಮಾಡಿದ್ದು ಇದಕ್ಕಿಂತ ಚೊಲೋ ಇತ್ತು" ಎನ್ನುತ್ತಾನೆ.

"ಹಂಗಾದ್ರ ಮೊನ್ನೀದ ತಿನ್ರಿ" ಎಂದು ರೇಣುಕಮ್ಮ ತಟ್ಟೆ ಎಳೆದುಕೊಂಡ ದಿನಗಳೂ ಉಂಟು.

ಇಂಥ ಮನುಷ್ಯನ ಕೈಗೆ ಒಂದು ಆಟದ ಎರಡನೇ ಭಾಗ ಸಿಕ್ಕರೆ ಏನಾದೀತು? ಅದೇ ಆಯಿತು.

ಆಟಕ್ಕೆ ಇಂಗ್ಲಿಷಿನಲ್ಲಿ ಮಾರುದ್ದದ ಹೆಸರಿದೆ. ಓಬಳೇಶ ಮತ್ತು ಅವನ ತಂಗಿ ಸುಮಲತಾ ಅದನ್ನು ಕರೆಯುವುದು ಕೋಟೆ ಆಟ ಎಂದು. ಕತ್ತಿ ಹಿಡಿದ ಒಬ್ಬ, ಮಂತ್ರದ ಕೋಲು ಹಿಡಿದ ಇನ್ನೊಬ್ಬಳು, ಇಬ್ಬರೂ ಕಾಡು, ಹೊಳೆ, ಗುಡ್ಡ ದಾಟಿ ರಾಕ್ಷಸರ ಕೈಯಲ್ಲಿರುವ ಏಳು ಕೋಟೆ ಗೆಲ್ಲಬೇಕು. ಹನ್ನೊಂದು ವರ್ಷದ ಹಿಂದೆ ಓಬಳೇಶ ಹೊಸಪೇಟೆಯಿಂದ ಆಟದ ಮಷಿನ್ ತಂದು ತಮ್ಮೂರು ಬುಕ್ಕಸಾಗರದ ಮನೆಯ ಟಿ.ವಿ.ಗೆ ಜೋಡಿಸಿದ. ಅಪ್ಪ ಗದ್ದೆಗೆ ಹೋದ ಹೊತ್ತು ನೋಡಿ ಅಣ್ಣ ತಂಗಿ ಜಾಯ್‌ಸ್ಟಿಕ್ ಹಿಡಿದು ಕೂರುತ್ತಿದ್ದರು. ಅವನದು ಒಂದನೇ ನಂಬರಿನದು, ಅವಳದು ಎರಡನೆಯದು. ಐದು ವರ್ಷ ಆಡಿದರು. ಆಮೇಲೆ ಅವಳು ನರ್ಸಿಂಗ್ ಮುಗಿಸಿದಳು, ಸಂಡೂರಿನ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆದಳು, ಅಲ್ಲಿಯವನನ್ನೇ ಮದುವೆಯಾದಳು. ಅಣ್ಣ ತಂಗಿಯ ಮಾತು ಹಬ್ಬಕ್ಕೊಂದು ಫೋನ್, ಜ್ವರಕ್ಕೊಂದು ಗುಳಿಗೆ ಹೆಸರು, ಅಷ್ಟಕ್ಕೆ ಬಂದು ನಿಂತಿತ್ತು. ಇದು ಓಬಳೇಶನಿಗೆ ಒಳಗೊಳಗೇ ಸಂಕಟವಾಗಿತ್ತು. ಯಾರಿಗೂ ಹೇಳಿರಲಿಲ್ಲ.

ಎರಡನೇ ಭಾಗ ಬಂದಾಗ ಅದರಲ್ಲಿ ಒಂದು ಹೊಸತಿತ್ತು. ಇಬ್ಬರೂ ಒಂದೇ ಮನೆಯಲ್ಲಿ ಇರಬೇಕಿಲ್ಲ. ಇವನು ಡ್ಯಾಮಿನಲ್ಲಿ, ಅವಳು ಸಂಡೂರಿನಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಸಾಕು. ಸಂಜೆ ಏಳರಿಂದ ಎಂಟು ಎಂದು ಗೊತ್ತು ಮಾಡಿಕೊಂಡರು. ಓಬಳೇಶ ಆರೂವರೆಗೇ ನೀರಿನ ಗೆರೆ ಬರೆದು, ಬೈಕ್ ಹಾರಿಸಿಕೊಂಡು ಬಂದು, ಮುಖ ತೊಳೆಯದೆ ಕೂತುಬಿಡುತ್ತಿದ್ದ. ಅವನ ಇಡೀ ದಿನ ಆ ಒಂದು ತಾಸಿಗಾಗಿ ಓಡುತ್ತಿತ್ತು.

ಹಾಗೆಂದು ಬಾಯಿ ಸುಮ್ಮನಿರಬೇಕಲ್ಲ.

"ಹಳೇದ್ರಾಗ ಕತ್ತಿ ಬೀಸಿದ್ರ ಸಪ್ಪಳ ಹೆಂಗ ಬರ್ತಿತ್ತು! ಇದ್ರಾಗ ಬೀಸಣಿಕಿ ಬೀಸಿದಂಗ ಆಗ್ತದ."

"ಹೂಂ ಅಣ್ಣ."

"ಹಳೇದ್ರಾಗ ಹತ್ತು ಕಡೆ ಸೇವ್ ಮಾಡ್ಕೋಬೌದಿತ್ತು. ತಪ್ಪಾದ್ರ ಹಿಂದಕ್ಕ ಹೋಗ್ತಿದ್ವಿ. ಇದು ತಂತಾನ ಸೇವ್ ಆಗ್ತದ. ಮಾಡಿದ್ದು ಮಾಡಿದಂಗ."

"ಚೊಲೋ ಆತಲ್ಲ. ನೋಡಿ ಹೆಜ್ಜಿ ಇಡ್ತೀವಿ."

"ಏನ್ ಚೊಲೋ? ಹಳೇದ್ರಾಗ ಇಬ್ರಿಗೂ ಒಂದ ಪರದೆ. ಒಬ್ರು ಹಿಂದ ಉಳದ್ರ ಆಟನ ಎಳಕೊಂಡು ಬರ್ತಿತ್ತು. ಯಾರೂ ಯಾರ್ನೂ ಬಿಟ್ಟು ಹೋಗಂಗಿರ್ಲಿಲ್ಲ. ಇದ್ರಾಗ ನೀ ಎಲ್ಲಿ ಅದೀ ಅಂತನ ಗೊತ್ತಾಗಲ್ಲ."

ಸುಮಲತಾಳಿಗೆ ಹೊಸದು ಬಹಳ ಹಿಡಿಸಿತ್ತು. ಎಂಟಕ್ಕೆ ಅಣ್ಣ ಎದ್ದು ಹೋದ ಮೇಲೂ ಅವಳು ಇನ್ನೊಂದು ಅರ್ಧ ತಾಸು ಒಬ್ಬಳೇ ಆ ಲೋಕದಲ್ಲಿ ತಿರುಗುತ್ತಿದ್ದಳು. ಹೊಸ ಆಟದಲ್ಲಿ ನಕ್ಷೆ ತಾನಾಗಿ ಸಿಗುವುದಿಲ್ಲ, ನಡೆದು ನೋಡಿದ ಜಾಗವನ್ನು ತಾವೇ ಬರೆದುಕೊಳ್ಳಬೇಕು. ಇಪ್ಪತ್ತು ದಿನದಲ್ಲಿ ಅವಳು ದೊಡ್ಡ ನಕ್ಷೆಯೊಂದನ್ನು ಬರೆದಿದ್ದಳು. ಅದು ತೊಗಲಿನ ಸುರುಳಿಯಾಗಿ ಇಬ್ಬರ ಪಾಲಿನ ಒಂದೇ ಚೀಲದಲ್ಲಿತ್ತು. ಹೊರುವ ಶಕ್ತಿ ಕತ್ತಿಯವನಿಗೆ ಹೆಚ್ಚು ಎಂದು ಚೀಲ ಅಣ್ಣನ ಹೆಗಲಿಗೆ ಬಿದ್ದಿತ್ತು.

ಇನ್ನು ಓಬಳೇಶನ ಹೊಳೆಯ ಸಮಾಚಾರ. ಚಿಕ್ಕಂದಿನಲ್ಲಿ ಅವರಮ್ಮ ಹೊಳೆಮ್ಮ ತವರಿಗೆ ಹೊರಟಾಗ ಕಂಪ್ಲಿ ಸೇತುವೆ ಬಂತೆಂದರೆ ಮಕ್ಕಳ ಕೈಗೆ ಒಂದೊಂದು ನಾಣ್ಯ ಕೊಡುತ್ತಿದ್ದಳು. ಬಸ್ಸಿನ ಕಿಟಕಿಯಿಂದ ಹೊಳೆಗೆ ಎಸೆದು ಕೈ ಮುಗಿಯಬೇಕು. ಏನೂ ಕೊಡದೆ ಗಂಗಮ್ಮನನ್ನು ದಾಟಬಾರದು ಎಂಬುದು ಅವಳ ಕಟ್ಟುನಿಟ್ಟು. ಓಬಳೇಶ ಈಗಲೂ ಸೇತುವೆ ಮೇಲೆ ಬೈಕ್ ನಿಧಾನ ಮಾಡಿ ಜೇಬಿಗೆ ಕೈ ಹಾಕುತ್ತಾನೆ. ಅಷ್ಟಕ್ಕೇ ಬಿಟ್ಟರೆ ಅವನು ಓಬಳೇಶನೇ ಅಲ್ಲ. ಕೋಟೆ ಆಟದೊಳಗಿನ ಹೊಳೆ ದಾಟುವಾಗಲೂ ಚೀಲದಿಂದ ಒಂದು ವಸ್ತು ತೆಗೆದು ನೀರಿಗೆ ಬಿಡುವುದು ಅವನ ರೂಢಿ. ಬಾಣವೋ, ಹಣ್ಣೋ, ಕೈಗೆ ಸಿಕ್ಕಿದ್ದು. ಹಳೇ ಆಟದಲ್ಲಿ ಅದು ತೇಲಿ ಮತ್ತೆ ದಂಡೆಗೆ ಬಂದು ಬೀಳುತ್ತಿತ್ತು. ಬಿಟ್ಟಂತೆಯೂ ಆಯಿತು, ಕಳೆದುಕೊಳ್ಳಲೂ ಇಲ್ಲ.

ಇಪ್ಪತ್ತೊಂದನೇ ದಿನ ಹೊಸ ಆಟದಲ್ಲಿ ಮೊದಲ ದೊಡ್ಡ ಹೊಳೆ ಬಂತು. ಆಚೆ ದಂಡೆಯಲ್ಲಿ ನಾಲ್ಕನೇ ಕೋಟೆ. ಓಬಳೇಶನಿಗೆ ತಡೆಯಲಾಗಲಿಲ್ಲ, ತಂಗಿ ಬರುವ ಮುಂಚೆಯೇ ದೋಣಿ ಹತ್ತಿ ನಡುಹೊಳೆಗೆ ಬಂದ. ಚೀಲ ತೆರೆದು, ಮೇಲೆ ಏನಿದೆ ಎಂದು ನೋಡದೆ, ಮೊದಲನೆಯದನ್ನು ನೀರಿಗೆ ಬಿಟ್ಟ. ಸುರುಳಿಯೊಂದು ಗುಳುಕ್ಕನೆ ಮುಳುಗಿತು. ಪರದೆಯ ಮೂಲೆಯಲ್ಲಿ ಸೇವ್ ಆದ ಗುರುತು ಒಮ್ಮೆ ಮಿನುಗಿತು.

"ಅಣ್ಣ, ನನ್ನ ಮ್ಯಾಪ್ ಎಲ್ಲಿ?" ಹೆಡ್‌ಫೋನಿನಲ್ಲಿ ಸುಮಲತಾಳ ದನಿ.

"ಯಾವ್ದು? ಆ ಸುರುಳಿ ಏನು? ಹೊಳಿಗೆ ಬಿಟ್ಟೆ. ಇರು, ದಂಡಿಗೆ ಬರ್ತದ."

ದಂಡೆಗೆ ಬರಲಿಲ್ಲ. ಹೊಸ ಆಟದ ನೀರು ನಿಜದ ನೀರಿನಂತೆ, ಮುಳುಗಿದ್ದು ಮುಳುಗಿದಂತೆಯೇ. ಓಬಳೇಶ ದಂಡೆಯುದ್ದಕ್ಕೂ ಓಡಿದ, ನೀರಿಗೆ ಹಾರಿದ, ಎರಡು ಸಲ ಸತ್ತು ಎದ್ದ.

"ಅದ್ರಾಗ ಏನಿತ್ತು ಗೊತ್ತೇನು ನಿಂಗ?" ಎಂದಳು ಸುಮಲತಾ.

"ಮ್ಯಾಪ್ ಅಲ್ಲೇನು?"

"ಇಪ್ಪತ್ತು ದಿನ ನಿನ್ನ ಹೆಗಲ ಮ್ಯಾಲಿತ್ತು. ಒಂದ ಸಲನೂ ಬಿಚ್ಚಿ ನೋಡಿಲ್ಲ ನೀನು."

ಅಷ್ಟೇ. ಮಂತ್ರದ ಕೋಲಿನವಳು ಪರದೆಯಿಂದ ಮರೆಯಾದಳು.

ಮರುದಿನ ಏಳಕ್ಕೆ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನ್ ಮಾಡಿದರೆ "ಡ್ಯೂಟಿ ಐತಣ್ಣ" ಎಂದು ಎರಡೇ ಮಾತಿನಲ್ಲಿ ಇಟ್ಟುಬಿಟ್ಟಳು. ಓಬಳೇಶನಿಗೆ ಎಲ್ಲಿ ನಿಂತರೂ ಮುಳ್ಳಿನ ಮೇಲೆ ನಿಂತ ಹಾಗೆ. ಅಡಿಪಟ್ಟಿಯ ಗೆರೆ ತಪ್ಪಾಗಿ ಓದಿ ಮತ್ತೆ ಅರ್ಧ ದಾರಿಯಿಂದ ವಾಪಸು ಹೋದ. ಸಂಜೆಯ ಆ ತಾಸು ಬಂತೆಂದರೆ ಡ್ಯಾಮಿನಿಂದ ಮರಿಯಮ್ಮನಹಳ್ಳಿವರೆಗೆ ಲಾರಿಗಳ ನಡುವೆ ಸುಮ್ಮನೆ ಬೈಕ್ ಓಡಿಸಿ ಬರುತ್ತಿದ್ದ. ಒಂಬತ್ತು ದಿನ ಹೀಗೇ ಕಳೆಯಿತು. ತಂಗಿ ಮತ್ತೆ ಹಬ್ಬದ ಫೋನಿಗೆ ಇಳಿದುಬಿಟ್ಟರೆ ಎಂಬ ಹೆದರಿಕೆ ಬೈಕ್ ಹತ್ತಿದರೂ ಅವನ ಬೆನ್ನು ಬಿಡಲಿಲ್ಲ.

"ಹಿಂಗ ಮನಿ ತುಂಬ ತಿರುಗೋ ಬದ್ಲಿ ಸಂಡೂರಿಗೆ ಹೋಗಿ ಬರ್ರಿ" ಎಂದಳು ರೇಣುಕಮ್ಮ. "ಹೋಗಿ ಆಕಿ ಮಾತು ಕೇಳ್ರಿ. ನೀವು ಮಾತಾಡಬ್ಯಾಡ್ರಿ."

ಭಾನುವಾರ ಬಸ್ಸು ಹತ್ತಿ ಹೋದ. ಮಧ್ಯಾಹ್ನ ಎರಡಕ್ಕೆ ಡ್ಯೂಟಿ ಮುಗಿಸಿ ಬಂದ ಸುಮಲತಾ ಆಸ್ಪತ್ರೆ ಎದುರಿನ ಚಹಾದಂಗಡಿಯ ಬೆಂಚಿನಲ್ಲಿ ಅವನ ಪಕ್ಕ ಕೂತಳು. ಕಣ್ಣಿನ ಕೆಳಗೆ ದಣಿವಿತ್ತು. ಹೆಂಡತಿ ಹೇಳಿ ಕಳಿಸಿದ್ದು ಓಬಳೇಶನಿಗೆ ಎರಡು ನಿಮಿಷ ನೆನಪಿತ್ತು.

"ತಪ್ಪಾತು ಸುಮಾ. ಆದ್ರ ನೋಡು, ಹಳೇದ್ರಾಗ ಹಿಂಗ ಆಗ್ತಿರ್ಲಿಲ್ಲ. ಬಿಟ್ಟದ್ದು ದಂಡಿಗೆ ಬರ್ತಿತ್ತು..."

"ಹಳೇದ್ರಾಗ ನಾನು ಎಲ್ಲಿ ಆಡೀನಿ?" ಸುಮಲತಾ ಲೋಟವನ್ನು ಕೆಳಗಿಟ್ಟಳು. "ಆಡ್ದಾವ ನೀನು. ನಾನು ಎರಡನೇ ನಂಬರ್ ಹಿಡ್ಕೊಂಡು ನಿನ್ನ ಹಿಂದ ಬಂದೀನಿ. ಪರದೆ ನಿನ್ನ ಹಿಂದ ಹೋಗ್ತಿತ್ತು, ನಾನು ಪರದೆ ಹಿಂದ. ಎರಡನೇ ಕೋಟಿ ದಾರ್ಯಾಗ ಕೆರಿ ದಂಡಿಗೆ ಒಂದು ಹಾಳು ಮನಿ ಇತ್ತು. ನೆನಪೈತೇನು?"

ಓಬಳೇಶನಿಗೆ ನೆನಪಿರಲಿಲ್ಲ. ಹಳೇ ಆಟದ ಒಂದೊಂದು ರಾಕ್ಷಸನ ಹೆಸರನ್ನೂ ಹೇಳಬಲ್ಲವನಿಗೆ ಆ ಮನೆ ಮಾತ್ರ ಎಷ್ಟು ತಡಕಿದರೂ ಸಿಗಲಿಲ್ಲ.

"ಒಳಗ ಏನೈತಿ ನೋಡ್ಬೇಕು ಅಂತ ಭಾಳ ಇತ್ತು ನಂಗ. ಬಾಗಿಲಿಗೆ ಹೋಗೋದ್ರಾಗ ನೀ ಮುಂದ ಓಡಿರ್ತಿದ್ದಿ. ಆಟ ನನ್ನ ಎಳಕೊಂಡು ಬಂದು ನಿನ್ನ ಪಕ್ಕ ಒಗೀತಿತ್ತು. ಐದು ವರ್ಷ."

"ಹೇಳ್ಬೇಕಿತ್ತಲ್ಲ ನೀನು."

"ಹೇಳೀನಣ್ಣ. 'ಅಲ್ಲೇನಿಲ್ಲ, ಜಲ್ದಿ ಬಾ' ಅಂದಿ."

ಓಬಳೇಶನ ಕಾಲು ಅಲುಗದೆ ನಿಂತಿತ್ತು. ಹನ್ನೊಂದು ವರ್ಷ ಅವನು ಹಳೇ ಆಟವನ್ನು ಹೊಗಳಿದ್ದು ಯಾವುದಕ್ಕೋ, ಅದೇ ತಂಗಿಯ ಕುತ್ತಿಗೆಗೆ ಹಗ್ಗವಾಗಿತ್ತು. ಹೊಸದರಲ್ಲಿ ಅವಳು ಮೊದಲ ಸಲ ತನ್ನ ಕಾಲಿನಲ್ಲಿ ತಾನು ತಿರುಗಿದ್ದಳು, ತಿರುಗಿದ್ದನ್ನು ಬರೆದಿಟ್ಟುಕೊಂಡಿದ್ದಳು. ಅದನ್ನು ಅವನು ಬಿಚ್ಚಿಯೂ ನೋಡದೆ ನೀರಿಗೆ ಬಿಟ್ಟಿದ್ದ. ನಾಚಿಕೆಯಿಂದ ಅವನು ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದ. ಬಸ್ಸಿನಲ್ಲಿ ವಾಪಸು ಬರುವಾಗ ತನ್ನ ಬಾಯಿಂದ ಹೊರಟ "ಜಲ್ದಿ ಬಾ" ಎಂಬ ಮಾತು ಎಷ್ಟು ಸಲ, ಯಾರಿಗೆಲ್ಲ ಹೊರಟಿರಬಹುದು ಎಂದು ನೆನೆಯುತ್ತಾ ಕಿಟಕಿಯ ಸರಳು ಹಿಡಿದು ಕೂತಿದ್ದ.

ಮುಂದಿನ ಭಾನುವಾರ ಅವನು ಬುಕ್ಕಸಾಗರದ ಅಟ್ಟದಿಂದ ಹಳೇ ಮಷಿನ್ ಇಳಿಸಿದ. ಧೂಳು ಒರೆಸಿ, ಅಮ್ಮನ ಹಳೇ ಸೀರೆಯಲ್ಲಿ ಸುತ್ತಿ, ಸಂಡೂರಿನ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದ. ತಂಗಿಯ ಟಿ.ವಿ.ಗೆ ತಾನೇ ವೈರ್ ಜೋಡಿಸಿದ. ಒಂದನೇ ನಂಬರಿನ ಜಾಯ್‌ಸ್ಟಿಕ್ ಅವಳ ಕೈಗೆ ಕೊಟ್ಟು, ಎರಡನೆಯದನ್ನು ತಾನು ಹಿಡಿದು ಚಾಪೆ ಮೇಲೆ ಕೂತ.

"ಎತ್ತಾಗ ಹೋಗಾನ?" ಎಂದು ಕೇಳಿದ.

ಸುಮಲತಾ ಅವನ ಮುಖ ನೋಡಿದಳು. ಆಮೇಲೆ ಪರದೆಯ ಕಡೆ ತಿರುಗಿ ನಡೆಯತೊಡಗಿದಳು.

ಅಯ್ಯೋ, ಅವಳ ನಡಿಗೆ! ಓಬಳೇಶ ಓಡಿ ದಾಟುತ್ತಿದ್ದ ದಾರಿಗೆ ಅವಳು ಅರ್ಧ ತಾಸು ತೆಗೆದುಕೊಂಡಳು. ಮರ ಕಂಡರೆ ನಿಂತಳು. ಕುರಿ ಕಾಯುವ ಮುದುಕಿ ಕಂಡರೆ ಅವಳ ಮಾತು ಮುಗಿಯುವ ತನಕ ಕೇಳಿದಳು. ಓಬಳೇಶನ ಹೆಬ್ಬೆರಳು ಬಟನ್ ಮೇಲೆ ಹತ್ತಿ ಹತ್ತಿ ಇಳಿಯಿತು. ಎಡಗಾಲು ಕುಣಿಯತೊಡಗಿದಾಗ ಅದರ ಮೇಲೆ ಬಲಗಾಲು ಹೇರಿ ಕೂತ. ಕೊನೆಗೆ ಕೆರೆ ಬಂತು, ಹಾಳು ಮನೆ ಬಂತು. ಅವಳು ಬಾಗಿಲು ತಳ್ಳಿದಳು. ಒಳಗೆ ಒಂದು ಮುರುಕು ಮಂಚ, ಒಂದು ಖಾಲಿ ಗಡಿಗೆ, ಕೆರೆಯ ಕಡೆಗೊಂದು ಕಿಟಕಿ. ಬೇರೇನೂ ಇರಲಿಲ್ಲ.

ಓಬಳೇಶನ ನಾಲಿಗೆ ತುದಿಗೆ ಮಾತು ಬಂತು. ಹಲ್ಲು ಕಚ್ಚಿ ಅದನ್ನು ನುಂಗಿಕೊಂಡ. ಸುಮಲತಾ ಕಿಟಕಿಯ ಮುಂದೆ ನಿಂತಳು. ಐದು ನಿಮಿಷವಾಯಿತು, ಹತ್ತಾಯಿತು. ಕೆರೆಯ ನೀರು ಅಲುಗುತ್ತಿತ್ತು, ಅಷ್ಟೇ.

"ಬ್ಯಾಸ್ರಾತೇನಣ್ಣ?" ಎಂದಳು ಪರದೆಯಿಂದ ಕಣ್ಣು ತೆಗೆಯದೆ.

"ಭಾಳ" ಎಂದ ಓಬಳೇಶ. ಸುಳ್ಳು ಹೇಳಲು ಅವನಿಗೆ ಮನಸ್ಸಾಗಲಿಲ್ಲ.

ಸುಮಲತಾ ನಕ್ಕಳು. ಬುಕ್ಕಸಾಗರದ ಮನೆಯಲ್ಲಿ ನಗುತ್ತಿದ್ದಂತೆ, ಬಾಯಿ ತುಂಬ.

"ಆಗ್ಲಿ" ಎಂದಳು, "ಕುಂದ್ರು. ನಂದಿನ್ನೂ ನೋಡೋದೈತಿ."