ಒಂಟಿ ಸುಣ್ಣದ ಬೊಟ್ಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೆಂಗ್ರೆಯ ದೋಣಿ ಕಡವಿನಲ್ಲಿ ಮೀನು ಬುಟ್ಟಿಯ ಹೆಂಗಸರ ಗಲಾಟೆ ಆಗಲೇ ಶುರು. "ಬೇಗ ತುಕ್ರಣ್ಣ, ಕಾರ್ಖಾನೆಯ ಕೂಗು ಆಗ್ತದೆ!" ಎಂದು ಹಂಚಿನ ಕೆಲಸಕ್ಕೆ ಹೊರಟವರು ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಾರೆ. ದೋಣಿಯ ತುಕ್ರಣ್ಣನಿಗೆ ಅವಸರವೇ ಇಲ್ಲ. ಮೊದಲು ನೀರಲ್ಲಿ ನೆಟ್ಟ ಗೂಟ ನೋಡಬೇಕು, ಹೊಳೆ ಯಾವ ಗೀರಿನವರೆಗೆ ಏರಿದೆ ಎಂದು. ಆಮೇಲೇ ಹುಟ್ಟಿಗೆ ಕೈ, ಬಾಯಿಗೆ ಹಾಡು.

ಹಾಡು ಒಂದು ಸುತ್ತು ಮುಗಿದರೆ ಕಾಲ ಬಳಿಯ ಚಿಪ್ಪುಗಳಲ್ಲಿ ಒಂದನ್ನು ಕಾಲ್ಬೆರಳಿನಿಂದ ಆಚೆ ಸರಿಸುತ್ತಾರೆ. ಬಂದರಿನ ದಡ ಮುಟ್ಟುವಾಗ ಸರಿದ ಚಿಪ್ಪುಗಳೆಷ್ಟೋ, ದಾಟಲು ಹಿಡಿದ ಹೊತ್ತು ಅಷ್ಟು. ಗಡಿಯಾರ ಕೊಳ್ಳುವ ಯೋಗ ಅವರಿಗೆಲ್ಲಿ?

ಮರಳಿ ಬಂದು ಕಡವಿನ ಜೋಪಡಿಗೆ ನುಗ್ಗುತ್ತಾರೆ. ಅಲ್ಲಿ ಒಡೆದ ದೋಣಿಯ ಹಲಗೆಯೊಂದು ಗೋಡೆಗೆ ಒರಗಿದೆ. ಎಲೆ ಅಡಿಕೆಯ ಸುಣ್ಣದ ಡಬ್ಬಿಗೆ ಬೆರಳು ಅದ್ದಿ ಹಲಗೆಯ ಮೇಲೆ ಒಂದು ಬೊಟ್ಟು ಒತ್ತುತ್ತಾರೆ. ಬಲಕ್ಕೆ ಹೋದಷ್ಟೂ ನೀರು ಹೆಚ್ಚು, ಮೇಲಕ್ಕೆ ಹೋದಷ್ಟೂ ಹೊತ್ತು ಹೆಚ್ಚು. ವರ್ಷಗಟ್ಟಲೆಯ ಬೊಟ್ಟುಗಳು ಎಡದ ಕೆಳಮೂಲೆಯಿಂದ ಬಲದ ಮೇಲ್ಮೂಲೆಗೆ ಬೂತಾಯಿ ಮೀನಿನ ಹಿಂಡಿನಂತೆ ಓರೆಯಾಗಿ ಏರಿವೆ. ನಾಳೆ ಎಷ್ಟು ಮೊದಲು ಕಡವಿಗೆ ಬರಬೇಕೆಂದು ಕೂಲಿಯವರು ತಿಳಿಯುವುದು ಈ ಹಲಗೆಯಿಂದಲೇ.

"ನೀರು ಏರಿದ್ರೆ ಸೆಳೆತ ಜಾಸ್ತಿ, ಹೊತ್ತೂ ಜಾಸ್ತಿ" ಎನ್ನುತ್ತಾರೆ ತುಕ್ರಣ್ಣ. "ಆದ್ರೆ ಹಗ್ಗ ಎಳೆದ ಹಾಗೆ ನೇರ ಬರುವುದಿಲ್ಲ. ಗಾಳಿ ಉಂಟು, ಭಾರ ಉಂಟು, ನನ್ನ ಸೊಂಟನೋವೂ ಉಂಟು ಮಾರಾಯ್ರೆ!"

ನಗುತ್ತ ಹೇಳಿದವರು ಹಲಗೆಯ ಎಡತುದಿಗೆ ಕಣ್ಣು ಹೋದೊಡನೆ ಸುಣ್ಣದ ಡಬ್ಬಿ ಮುಚ್ಚಿ ಮುಖ ತಿರುಗಿಸುತ್ತಾರೆ. ನೀರು ತೀರ ಕಡಿಮೆಯಿದ್ದ ದಿನದ ಬೊಟ್ಟೊಂದು ಹಿಂಡು ಬಿಟ್ಟು ಎತ್ತರದಲ್ಲಿ ಒಂಟಿಯಾಗಿ ಕೂತಿದೆ.

ಅದು ಹೆಂಡತಿ ಅಪ್ಪಿಯ ದಿನ. ೧೯೨೮ರ ಬೇಸಿಗೆ, ಹೆರಿಗೆ ನೋವು ಎರಡು ದಿನವಾದರೂ ಬಿಡಲಿಲ್ಲ. ಬೆಳಿಗ್ಗೆಯೇ ಆಕೆಯನ್ನು ದೋಣಿಯಲ್ಲಿ ಮಲಗಿಸಿ ಪೇಟೆಯ ಆಸ್ಪತ್ರೆಗೆ ಹೊರಟರು. "ಹೆದರಿಕೆ ಆಗ್ತದೆ, ಹಾಡಿ" ಎಂದಳಂತೆ ಅಪ್ಪಿ. ಹಾಡಿದರು. ಅಭ್ಯಾಸದ ಕಾಲು ಚಿಪ್ಪು ಸರಿಸುತ್ತಲೇ ಇತ್ತು. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಜೀವ ಹೋಯಿತು, ತಾಯಿಯದೂ ಹೊಟ್ಟೆಯೊಳಗಿನ ಮಗುವಿನದೂ. "ಸ್ವಲ್ಪ ಮೊದಲು ತರಬಾರದಿತ್ತಾ?" ಎಂದರು ಯಾರೋ. ಸಂಜೆ ದೋಣಿ ಕಟ್ಟಿ ಚಿಪ್ಪು ನೋಡಿದರೆ, ಅಯ್ಯೋ, ತುಂಬು ಮಳೆಗಾಲದಲ್ಲೂ ಅಷ್ಟು ಸರಿಯುವುದಿಲ್ಲ. ಬೊಟ್ಟು ಒತ್ತಿದರು. ಅಷ್ಟು ಕಡಿಮೆ ನೀರಿನಲ್ಲೂ ತಾನು ತಡ ಮಾಡಿದೆ, ತಾನೇ ಕೊಂದೆ ಎಂಬ ಕೊರಗು ಆರು ವರ್ಷ ಎದೆಯನ್ನು ಕೊರೆಯಿತು. ಯಾರಿಗೂ ಹೇಳಲಿಲ್ಲ.

ಈ ವರ್ಷದ ಆಟಿ ತಿಂಗಳ ಮಳೆಗೆ ನಾದಿನಿ ರಾಜೀವಿ ಬುಟ್ಟಿ ಇಳಿಸಿ ಜೋಪಡಿಯೊಳಗೆ ನಿಂತಿದ್ದರು. "ಇದೊಂದು ಬೊಟ್ಟು ಎಂತ ಬಾವ, ದಾರಿ ತಪ್ಪಿದ್ದು?" ಎಂದು ಕೇಳಿದರು. ತುಕ್ರಣ್ಣ ಅಂದು ಮೊದಲ ಬಾರಿ ಬಾಯಿ ಬಿಟ್ಟರು.

ರಾಜೀವಿ ಹಣೆ ಚಚ್ಚಿಕೊಂಡರು. "ಎಂಥ ಮಾತು ಬಾವ! ಅಕ್ಕನ ತಲೆ ನನ್ನ ಮಡಿಲಲ್ಲೇ ಇತ್ತಲ್ಲ. ಹೊರಡುವಾಗ ಕಾರ್ಖಾನೆಯ ಮೊದಲ ಕೂಗು. ನಾವು ದಡ ಹತ್ತಿ ಎಷ್ಟೋ ಹೊತ್ತಾದ ಮೇಲೆ ಎರಡನೆಯದು. ಅಷ್ಟು ಬೇಗ ಈ ಹೊಳೆ ಯಾರೂ ದಾಟ್ಲಿಲ್ಲ. ನೀವು ಹಾಡಿದ್ದು ಹಾಡಾ ಅದು? ಒಂದು ಸಾಲು ಮುಗಿಯುವ ಮೊದಲೇ ಇನ್ನೊಂದು, ಉಸಿರೇ ಇಲ್ಲ. ಹೆದರಿ ಓಡಿದ್ದು ನಿಮ್ಮ ಹಾಡು ಬಾವ. ದೋಣಿ ತಡ ಮಾಡ್ಲಿಲ್ಲ."

ತುಕ್ರಣ್ಣ ಮಳೆ ನಿಲ್ಲುವವರೆಗೂ ಮಕ್ಕಳ ಹಾಗೆ ಅತ್ತರಂತೆ. ಹೊತ್ತನ್ನು ಅಳೆಯುವ ಹಾಡೇ ಅಂದು ಗಾಬರಿಗೊಂಡು ಓಡಿತ್ತು, ಸುತ್ತು ಹೆಚ್ಚಿ ಚಿಪ್ಪೂ ಹೆಚ್ಚು ಸರಿದಿತ್ತು. ಅದು ಅವರಿಗೆ ಹೊಳೆದೇ ಇರಲಿಲ್ಲ.

ಈಗಲೂ ಬೊಟ್ಟು ಅಲ್ಲೇ ಇದೆ. ತಪ್ಪು ಲೆಕ್ಕವಲ್ಲವೇ, ಅಳಿಸಬಾರದೇ ಎಂದರೆ ಬೇಡವೆಂದು ತಲೆಯಾಡಿಸುತ್ತಾರೆ.

"ಯಾಕೆ ಅಳಿಸ್ಲಿಕ್ಕೆ? ಅಷ್ಟು ಸಲ ಹಾಡಿದ್ದು ಸುಳ್ಳಲ್ಲವಲ್ಲ. ಅಷ್ಟೂ ಅವಳಿಗೇ ಹಾಡಿದ್ದು." ಹುಟ್ಟು ಹೆಗಲಿಗೇರಿಸಿ ಗೂಟದ ಕಡೆ ನಡೆಯುತ್ತ ಹೇಳುತ್ತಾರೆ, "ಆಸೆ ಒಂದೇ ಉಂಟು. ಅವಳನ್ನು ಕೂರಿಸಿಕೊಂಡು ಒಮ್ಮೆಯಾದ್ರೂ ಆ ಹಾಡನ್ನು ನಿಧಾನ ಹಾಡ್ಬೇಕಿತ್ತು."