ಇಸ್ತ್ರಿಯಕ್ಕನ ಹೊಟ್ಟೆನೋವಿಗೆ ಗಂಡನ ಸಾಕ್ಷಿ

ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಇಸ್ತ್ರಿಯಕ್ಕ ಎನ್ನುತ್ತಿದ್ದರು. ಮುಟ್ಟಿನ ದಿನಗಳಿಗೆ ಅವಳದೊಂದು ಉಪಾಯವಿತ್ತು: ದಪ್ಪ ಟವೆಲ್ಲಿನ ಮೇಲೆ ಇಸ್ತ್ರಿಪೆಟ್ಟಿಗೆ ಎಳೆದು, ಮಡಿಸಿ, ಬಿಸಿಬಿಸಿಯಾಗಿಯೇ ಹೊಟ್ಟೆಗೆ ಕಟ್ಟಿಕೊಂಡು ಊರವರ ಅಂಗಿಗಳ ಸುಕ್ಕು ಬಿಡಿಸುವುದು. ನೋವಿನ ಮಾತೆತ್ತಿದರೆ ಅತ್ತೆ, "ಎಲ್ಲರಿಗೂ ಇರೋದೇ, ನಿಂದೇನು ಹೊಸದಾ?" ಎನ್ನುತ್ತಿದ್ದರು. ಗಂಡ ಏನೂ ಎನ್ನುತ್ತಿರಲಿಲ್ಲ, ಊಟಕ್ಕೆ ತಡವಾಯಿತು ಎನ್ನುವುದನ್ನು ಬಿಟ್ಟರೆ.

ಬಿಳಿಕೂದಲು ಇಣುಕುವ ವಯಸ್ಸಿಗೆ ಬಸಿರಾದಳು. ಹಿಂದೆಯೇ ಹೊಟ್ಟೆನೋವು, ಚೂರು ರಕ್ತ. ಒಬ್ಬ ಡಾಕ್ಟರು ಸ್ಕ್ಯಾನ್ ನೋಡಿ ಗಡ್ಡೆ ಎಂದರು. ಇನ್ನೊಬ್ಬರು, ಗಡ್ಡೆಯಲ್ಲ, ಪಿಂಡವೇ ಗರ್ಭಕೋಶದ ಗೋಡೆಯೊಳಗೆ ಹೂತುಕೊಂಡಿದೆ, ಗೋಡೆ ಒಡೆದರೆ ತಾಯಿಯ ಜೀವಕ್ಕೇ ಅಪಾಯ, ನಾಳೆಯೇ ಆಪರೇಷನ್ ಮಾಡಿ ತೆಗೆಯಬೇಕು ಎಂದರು. ಹಂಬಲಿಸಿ ಪಡೆದ ಕೂಸು.

ಆಪರೇಷನ್ನಿಗೆ ಮುಂಚೆ ದೊಡ್ಡ ಡಾಕ್ಟರಮ್ಮ ಒಮ್ಮೆ ನೋಡಲು ಬಂದರು.

"ಬಸಿರಾಗೋಕೆ ಮುಂಚೆ ಮುಟ್ಟು ಹೇಗಿತ್ತಮ್ಮ?"

"ಎಲ್ಲಾ ನಾರ್ಮಲ್ಲು ಡಾಕ್ಟ್ರೇ," ಎಂದ ಗಂಡ.

ಹಿಂದಿನ ಇಬ್ಬರ ಮುಂದೆಯೂ ಇದೇ ಸಾಕ್ಷಿ ನುಡಿದಿದ್ದ. ಅವಳೂ ಸುಮ್ಮನೆ ತಲೆಯಾಡಿಸಿದ್ದಳು. ಈ ಸಲ ತಿರುಗಿ ನೋಡಿದಳು.

"ರೀ, ನಿಮಗೆ ಬರ್ತಿತ್ತಾ ಮುಟ್ಟು?"

ನರ್ಸ್ ಕೆಮ್ಮಿನಲ್ಲಿ ನಗು ಅಡಗಿಸಿಕೊಂಡಳು. ಇಸ್ತ್ರಿಯಕ್ಕ ವರ್ಷಗಟ್ಟಲೆಯ ಟವೆಲ್ಲಿನ ಕಥೆ ಬಿಚ್ಚಿದಳು. ಕಾವು ಬಿದ್ದೂ ಬಿದ್ದೂ ಹೊಟ್ಟೆಯ ಮೇಲೆ ಉಳಿದ ಕಂದು ಕಲೆ ತೋರಿಸಿದಳು.

ಡಾಕ್ಟರಮ್ಮ ತಾವೇ ಮತ್ತೆ ಸ್ಕ್ಯಾನ್ ಮಾಡಿದರು.

"ಇದು ಅಡಿನೋಮಯೋಸಿಸ್ ಇರ್ಬೇಕು, ಅಷ್ಟು ವರ್ಷದ ಮುಟ್ಟಿನ ನೋವೂ ಇದರದ್ದೇ. ಗರ್ಭಕೋಶದ ಒಳಪದರ ಅದರ ಗೋಡೆಯೊಳಗೆ ನುಗ್ಗಿ, ಗೋಡೆ ಒಂದು ಕಡೆ ದಪ್ಪ ಆಗಿರುತ್ತೆ. ಬಸಿರಲ್ಲಿ ಹೇಗೂ ಗರ್ಭಕೋಶ ದೊಡ್ಡದಾಗುತ್ತಲ್ಲ, ಗುರುತು ಹಿಡಿಯೋದು ಕಷ್ಟ. ಪಿಂಡ ಗೋಡೆಯಲ್ಲಿಲ್ಲ, ಗರ್ಭಕೋಶದ ಒಳಗೇ ಇದೆ ಅನ್ಸುತ್ತೆ, ಆ ದಪ್ಪ ಗೋಡೆ ಅದನ್ನ ಪಕ್ಕಕ್ಕೆ ತಳ್ಳಿದೆ ಅಷ್ಟೆ. ಆದ್ರೆ ಆಣೆ ಇಟ್ಟು ಹೇಳಲಾರೆ. ನಾಳೆ ಆಪರೇಷನ್ ಬೇಡ. ಒಂದು ವಾರ ಇಲ್ಲೇ ನಮ್ಮ ಕಣ್ಣಮುಂದೆ ಇರಿ."

"ವಾರಾನಾ? ಮನೇಲಿ ಅಡುಗೆ?" ಗಂಡನ ಬಾಯಿಂದ ಜಾರಿತು.

"ನಿಮ್ಮ ಕೈಗೇನಾಗಿದೆ? ತೋರ್ಸಿ, ಅದನ್ನೂ ಸ್ಕ್ಯಾನ್ ಮಾಡೋಣ."

ವಾರವಿಡೀ ಅವಳು ಆಸ್ಪತ್ರೆಯಲ್ಲೇ ಮಲಗಿದಳು. ಕಾದ ದಿನ ಬಂತು. ಪರದೆಯಲ್ಲಿ ಅಕ್ಕಿಕಾಳಿನಷ್ಟು ಏನೋ ಪಟಪಟ ಮಿಡಿಯಿತು.

"ಗೋಡೆಯಲ್ಲಲ್ಲ, ಗರ್ಭಕೋಶದ ಒಳಗೇ ಇದೆ," ಎಂದರು ಡಾಕ್ಟರಮ್ಮ. "ಮುಂದೆಯೂ ಹುಷಾರಾಗಿರ್ಬೇಕು. ಆದ್ರೆ ಜಾಗ ಸರಿಯಾಗಿದೆ."

ಗಂಡ ಬೆರಗಾಗಿ ಪರದೆಯ ಮೇಲೆಯೇ ಬಗ್ಗಿದ. ಇಸ್ತ್ರಿಯಕ್ಕ ಕಣ್ಣೊರೆಸಿಕೊಂಡು ಅವನ ಬೆನ್ನಿಗೆ ತಿವಿದಳು.

"ತಲೆ ಪಕ್ಕಕ್ಕೆ ಮಾಡಿ ರೀ, ನಂಗೂ ಕಾಣ್ಲಿ."