ಇದ್ದ ಬೆಳಕಿನ ವ್ರತ

ನನ್ನದೊಂದು ವ್ರತವಿದೆ. ನನ್ನ ಹೆಂಡತಿಯ ಪ್ರಕಾರ ಅದು ಕಾಯಿಲೆ. ಹಾಡುವವರ ಫೋಟೊ ತೆಗೆಯುವಾಗ ನಾನು ಫ್ಲಾಶ್ ಹಾಕುವುದಿಲ್ಲ. ವೇದಿಕೆಯ ಮೇಲೆ ಎಷ್ಟು ಬೆಳಕಿದೆಯೋ ಅಷ್ಟರಲ್ಲೇ ತೆಗೆಯಬೇಕು, ಆಗದಿದ್ದರೆ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಸುಮ್ಮನೆ ಹಾಡು ಕೇಳಬೇಕು. ಏಕಾದಶಿಯ ಉಪವಾಸವನ್ನು ಮಧ್ಯಾಹ್ನದೊಳಗೇ ಮುರಿಯುವ ನಾನು ಈ ಒಂದು ವ್ರತವನ್ನು ಮಾತ್ರ ವರ್ಷಗಳಿಂದ ಬಿಡದೆ ನಡೆಸಿಕೊಂಡು ಬಂದಿದ್ದೇನೆ.

ಕಾರಣ ಕೇಳಿದವರಿಗೆ ಬಂಡೀಪುರದ ಉದಾಹರಣೆ ಕೊಡುತ್ತೇನೆ. ನಾನಿರುವ ಗುಂಡ್ಲುಪೇಟೆಗೆ ಅದು ಪಕ್ಕದ ಕಾಡು. ಸಫಾರಿಗೆ ಹೋದವರಿಗೆ ಫ್ಲಾಶ್ ಹಾಕಬೇಡಿ ಎಂದು ಮೊದಲೇ ಹೇಳಿರುತ್ತಾರೆ. ಜಿಂಕೆಗೆ ತೋರಿಸುವ ಈ ಮರ್ಯಾದೆಯನ್ನು ಹಾಡುವವರಿಗೆ ಯಾಕೆ ತೋರಿಸಬಾರದು? ಕೇಳುವವರು ಇನ್ನೂ ಕೂತಿದ್ದರೆ ಗರ್ಭಗುಡಿಗೆ ಬರುತ್ತೇನೆ. ಹಿಂದಿನವರು ದೇವರನ್ನು ಕತ್ತಲಲ್ಲಿ ಕೂರಿಸಿ, ಮಂಗಳಾರತಿಯ ಬೆಳಕಿನಲ್ಲಿ ಕ್ಷಣಹೊತ್ತು ಮುಖ ತೋರಿಸಿದರು. ಈಗ ಗರ್ಭಗುಡಿಗೇ ಟ್ಯೂಬ್‌ಲೈಟ್ ಬಂದಿದೆ. ದೇವರು ಚೆನ್ನಾಗಿ ಕಾಣುತ್ತಾನೆ, ಆದರೆ ಯಾಕೋ ಬಸ್ ನಿಲ್ದಾಣದಲ್ಲಿ ಸಿಕ್ಕ ಹಾಗಾಗುತ್ತದೆ. ಇಷ್ಟು ಹೇಳುವ ಹೊತ್ತಿಗೆ ಕೇಳುವವರು ಎದ್ದು ಹೋಗಿರುತ್ತಾರೆ.

ವ್ರತವೆಂದ ಮೇಲೆ ಕಷ್ಟವೂ ಇರಲೇಬೇಕಲ್ಲ. ನಮ್ಮ ಕಡೆಯ ಲೈಟಿನವರು ಬಣ್ಣದಲ್ಲಿ ಧಾರಾಳಿಗಳು. ಪಲ್ಲವಿಗೆ ಕೆಂಪು ಬಿಟ್ಟರೆ ಚರಣಕ್ಕೆ ಹಸಿರು ಬಿಡುತ್ತಾರೆ. ಒಳ್ಳೆಯ ಆಲಾಪನೆ ಬಂತು ಎನ್ನುವಾಗ ಗಾಯಕರ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿರುತ್ತದೆ. ಬೆಳಕು ಸರಿಹೋದರೆ ಮೈಕು ಬಾಯಿಗೆ ಅಡ್ಡ ಬರುತ್ತದೆ. ಮೈಕು ಸರಿದರೆ ಹಾಡು ಮುಗಿದಿರುತ್ತದೆ.

ಎಲ್ಲಕ್ಕಿಂತ ದೊಡ್ಡ ಕಷ್ಟ ಸನ್ಮಾನದ್ದು. ಶಾಲು ಹೊದಿಸುವವರು ಅರ್ಧ ಹೊದಿಸಿ, ಕೈ ಹಾಗೇ ಹಿಡಿದು, ಕ್ಯಾಮೆರಾದ ಕಡೆ ತಿರುಗಿ ನಿಲ್ಲುವುದು ನಮ್ಮಲ್ಲಿ ಪದ್ಧತಿ. ಪಳಕ್ ಎಂದು ಬೆಳಕು ಬಂದರೆ ಫೋಟೊ ಆಯಿತೆಂದು ಲೆಕ್ಕ. ನನ್ನ ಕ್ಯಾಮೆರಾದಿಂದ ಏನೂ ಬರುವುದಿಲ್ಲ. ನಾನು ಹತ್ತು ಫೋಟೊ ತೆಗೆದು ಮುಗಿಸಿರುತ್ತೇನೆ, ಅವರು ಮಾತ್ರ ಉಸಿರು ಬಿಗಿಹಿಡಿದು ಶಾಲಿನ ಸಮೇತ ಕಾಯುತ್ತಲೇ ಇರುತ್ತಾರೆ.

ಚಾಮರಾಜನಗರದ ಒಂದು ಸಂಜೆ ಕಾರ್ಯಕ್ರಮದಲ್ಲಿ ಸನ್ಮಾನದ ಶಾಲು ಹೊದ್ದು ಹಾಗೆ ಕಾದವರು ದೊಡ್ಡತಾಯಮ್ಮ. ಭೀಮನಬೀಡಿನ ಹೆಂಗಸು. ಹೊಲಗದ್ದೆಯ ಕೂಲಿ ಮಾಡುತ್ತ, ಸುತ್ತಲ ಊರುಗಳ ಮದುವೆಮನೆಗಳಲ್ಲಿ ಸೋಬಾನೆ ಹಾಡುತ್ತ ಬಂದವರು. ವೇದಿಕೆ ಹತ್ತಿದ್ದು ಅದೇ ಮೊದಲು. ಅವತ್ತು ಲೈಟಿನವನಿಗೆ ಏನು ದಯೆ ಬಂತೋ, ಬಣ್ಣಗಳನ್ನೆಲ್ಲ ಆರಿಸಿ ಮೇಲಿನಿಂದ ಒಂದು ಹಳದಿ ದೀಪ ಮಾತ್ರ ಬಿಟ್ಟ. ದೊಡ್ಡತಾಯಮ್ಮ ಕಣ್ಣು ಮುಚ್ಚಿ ಎತ್ತರದ ದನಿಯಲ್ಲಿ ಒಂದು ಎಳೆ ಎಳೆದರು. ಅರ್ಧ ಮುಖ ಬೆಳಕಿನಲ್ಲಿ, ಅರ್ಧ ಕತ್ತಲಲ್ಲಿ. ಮೈಕು ತಾನಾಗಿಯೇ ಪಕ್ಕಕ್ಕಿತ್ತು. ಒತ್ತಿದೆ. ಅಂಥ ಫೋಟೊ ನನಗೆ ಹಿಂದೆ ಸಿಕ್ಕಿರಲಿಲ್ಲ. ಊಟದ ಹೊತ್ತಿಗೆ ಹೆಂಡತಿಯ ಮುಂದೆ, ನಿದ್ದೆಯ ಹೊತ್ತಿಗೆ ನನ್ನೊಳಗೇ ಅದನ್ನು ಹೊಗಳಿಕೊಂಡೆ.

ವಾರದೊಳಗೆ ಅವರ ಮಗ ಮಹದೇವ ಮನೆಗೆ ಬಂದ. ಬಂಡೀಪುರ ಕಾಡಿನ ಮದ್ದೂರು ವಲಯದಲ್ಲಿ ಫಾರೆಸ್ಟ್ ವಾಚರ್. ತಾಯಿಗೆ ಮಂಡಿ ಹಿಡಿದುಕೊಂಡು ಕೂಲಿ ನಿಂತಿದೆ, ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಬೇಕು, ಅದಕ್ಕೆ ವೇದಿಕೆಯ ಮೇಲೆ ಹಾಡಿದ ಫೋಟೊ ಬೇಕು ಎಂದ. ನಾನು ಹೆಮ್ಮೆಯಿಂದ ಆ ಫೋಟೊ ತೋರಿಸಿದೆ. ಅವನು ಕತ್ತು ಓರೆ ಮಾಡಿ ಬಹಳ ಹೊತ್ತು ನೋಡಿದ.

“ಸಾ, ಬ್ಯಾನರ್ರೇ ಇಲ್ವಲ್ಲ ಸಾ. ರಾತ್ರೇಲಿ ಆನೆ ಫೋಟೊ ತಗ್ದಂಗದೆ.”

ಕಾರ್ಯಕ್ರಮದ ಹೆಸರು, ತಾರೀಕು ಇರುವ ಬ್ಯಾನರು ಹಿಂದೆ ಕಾಣಲೇಬೇಕಂತೆ. ಇಲ್ಲದಿದ್ದರೆ ಹಾಡಿದ್ದಕ್ಕೆ ಸಾಕ್ಷಿ ಇಲ್ಲ. ಸನ್ಮಾನದ ಫೋಟೊ ಅದಕ್ಕೆ ನಡೆಯುವುದಿಲ್ಲ, ಹಾಡುವಾಗ ತೆಗೆದ ಉಳಿದವೂ ಅಷ್ಟೇ ಕತ್ತಲು. ಮದುವೆಮನೆಯಲ್ಲಿ ಸೋಬಾನೆಯವರ ಹಿಂದೆ ಯಾರೂ ಬ್ಯಾನರು ಕಟ್ಟುವುದಿಲ್ಲ. ಜೀವಮಾನವಿಡೀ ಹಾಡಿದ ಹೆಂಗಸಿಗೆ ಬ್ಯಾನರು ಸಿಕ್ಕಿದ್ದು ಆ ಒಂದು ಸಂಜೆ ಮಾತ್ರ. ಆ ಸಂಜೆಯ ಮಟ್ಟಿಗೆ ಸ್ಟುಡಿಯೋದವನು ಬೇಡ, ನಮ್ಮವರೇ ಒಬ್ಬರು ಬಿಟ್ಟಿಯಾಗಿ ತೆಗೆಯುತ್ತಾರೆ ಎಂದು ಸಂಘಟಕರು ನನ್ನನ್ನು ನೆಚ್ಚಿಕೊಂಡಿದ್ದರು. ಸ್ಟುಡಿಯೋದವನು ಬಂದಿದ್ದರೆ ಫ್ಲಾಶ್ ಹೊಡೆದು ಬ್ಯಾನರಿನ ಮೂಲೆಯಲ್ಲಿದ್ದ ಪ್ರೆಸ್ಸಿನ ಹೆಸರನ್ನೂ ಬಿಡದೆ ತೆಗೆದಿರುತ್ತಿದ್ದ. ಕಲೆ ಕಲೆ ಎಂದು ಮೆರೆದು ಒಂದು ಬಡ ಜೀವದ ಅನ್ನಕ್ಕೆ ಅಡ್ಡ ಬಂದೆನಲ್ಲ ಎನಿಸಿತು.

ಮಹದೇವ ಬೈಯಲಿಲ್ಲ. “ಓಗ್ಲಿ ಬುಡಿ ಸಾ, ಇನ್ನೊಂದ್ಸಲ ಯಾರಾದ್ರೂ ಕರುದ್ರೆ ನೋಡನ” ಎಂದು ಎದ್ದ. ಅವನು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ತೋಳು ಹಿಡಿದು ಕೂರಿಸಿ ಕಂಪ್ಯೂಟರ್ ತೆರೆದೆ.

ಡಿಜಿಟಲ್ ಫೋಟೊದ ಕತ್ತಲು ಪೂರ್ತಿ ಕತ್ತಲಲ್ಲ. ಕಂಪ್ಯೂಟರಿನಲ್ಲಿ ಬೆಳಕು ಏರಿಸುತ್ತ ಎಳೆದರೆ ಒಳಗಿರುವುದು ಸ್ವಲ್ಪಮಟ್ಟಿಗೆ ಈಚೆಗೆ ಬರುತ್ತದೆ. ಹಾಗೆ ಎಳೆಯುವುದೂ ನನ್ನ ವ್ರತದಲ್ಲಿ ನಿಷಿದ್ಧ. ಎಳೆದೆ. ದೊಡ್ಡತಾಯಮ್ಮನ ಕೆನ್ನೆಯ ಮೇಲಿದ್ದ ಹಳದಿ ಬೆಳಕು ಸುಣ್ಣ ಬಳಿದ ಹಾಗೆ ಬೆಳ್ಳಗಾಯಿತು. ಇನ್ನೂ ಎಳೆದೆ. ಫೋಟೊದ ತುಂಬ ರಾಗಿಹಿಟ್ಟು ಚೆಲ್ಲಿದಂತೆ ಚುಕ್ಕೆ ಎದ್ದವು. ಅವುಗಳ ಮಧ್ಯೆ ಮೆಲ್ಲಗೆ ಒಂದು ಅಕ್ಷರ, ಆಮೇಲೆ ಇನ್ನೊಂದು ಕಾಣಿಸಿತು. ಮಹದೇವ ಒಂದನೇ ಕ್ಲಾಸಿನ ಹುಡುಗನ ಹಾಗೆ ಅಕ್ಷರ ಕೂಡಿಸಿಕೊಂಡು ಓದಿದ. ಕೊನೆಗೆ ತಾರೀಕೂ ಬಂತು. ನಾನು ತೆಗೆದ ಅತ್ಯಂತ ಕುರೂಪದ ಫೋಟೊ ಅದು. ಅದನ್ನು ಕಂಡಾಗ ಆದಷ್ಟು ಸಂತೋಷ ನನಗೆ ಒಳ್ಳೆಯ ಫೋಟೊ ಕಂಡಾಗಲೂ ಆಗಿಲ್ಲ.

ಎರಡರದೂ ಪ್ರತಿ ಮಾಡಿಸಿ ಕೊಟ್ಟೆ. ಕೆಟ್ಟದ್ದು ಕಚೇರಿಗೆ, ಒಳ್ಳೆಯದು ಮನೆಗೆ. ಒಳ್ಳೆಯದರ ಕೆಳಗೆ ನನ್ನ ಹೆಸರನ್ನೂ ಚಿಕ್ಕದಾಗಿ ಹಾಕಿಸಿದ್ದೆ. ಕೆಲವು ತಿಂಗಳ ಮೇಲೆ ಮಾಸಾಶನ ಮಂಜೂರಾಯಿತು, ತಾಯಿ ಊಟಕ್ಕೆ ಕರೆದಿದ್ದಾರೆ ಎಂದು ಮಹದೇವ ಫೋನ್ ಮಾಡಿದ. ಹೆಂಡತಿಯೊಡನೆ ಭೀಮನಬೀಡಿಗೆ ಹೋದೆ.

ಬಾಗಿಲು ದಾಟಿದವಳೇ ಹೆಂಡತಿ ನನ್ನ ಕೈ ಹಿಂಡಿದಳು. ಎದುರಿನ ಗೋಡೆಯಲ್ಲಿ ನಾನು ತೆಗೆದ ದೊಡ್ಡತಾಯಮ್ಮನ ಫೋಟೊ ಇತ್ತು. ಅದಕ್ಕೆ ಚೆಂಡುಹೂವಿನ ಹಾರ ಹಾಕಿತ್ತು. ಗಾಜಿನ ಮೇಲೆ ಕುಂಕುಮ, ಮುಂದೆ ಊದುಬತ್ತಿ. ಫೋನ್ ಬಂದು ಎರಡು ದಿನವೂ ಆಗಿರಲಿಲ್ಲ. ಅಷ್ಟರಲ್ಲಿ ಏನಾಯಿತು ಎಂದು ಮಹದೇವನಿಗಾಗಿ ಸುತ್ತ ನೋಡಿದೆ. ಆಗ ಒಳಗಿನಿಂದ ದೊಡ್ಡತಾಯಮ್ಮ ನೀರಿನ ಚೊಂಬು ಹಿಡಿದು, ಮಂಡಿ ಹಿಡಿದುಕೊಂಡು ಬಂದರು.

ನನ್ನ ಮುಖ ನೋಡಿ ಅವರಿಗೆ ಅರ್ಥವಾಯಿತು. “ಅದು ನಾನಲ್ಲ ಕಣಪ್ಪ” ಎಂದು ನಕ್ಕರು. “ನಮ್ಮವ್ವ.”

ಅವರ ತಾಯಿ ಸೀಮೆಎಣ್ಣೆ ಬುಡ್ಡಿಯ ಮುಂದೆ ಕೂತು ಹಾಡು ಹೇಳಿಕೊಡುತ್ತಿದ್ದರಂತೆ. ಕಣ್ಣು ಮುಚ್ಚಿ, ಹೀಗೇ, ಅರ್ಧ ಮುಖ ಕತ್ತಲಲ್ಲಿ. ಅವರದೊಂದೂ ಫೋಟೊ ಇರಲಿಲ್ಲ. ಯಾರೂ ತೆಗೆದಿರಲಿಲ್ಲ. ಹಬ್ಬದಲ್ಲಿ ಹಿರಿಯರಿಗೆ ಎಡೆ ಇಡುವಾಗ ಬರೀ ಗೋಡೆಯ ಮುಂದೆ ಇಡುತ್ತಿದ್ದರಂತೆ. ಮಗ ತಂದ ಫೋಟೊ ಬಿಚ್ಚಿದಾಗ ಅದರಲ್ಲಿ ಅವರಿಗೆ ತಾವು ಕಾಣಿಸಲೇ ಇಲ್ಲ, ತಾಯಿಯೇ ಕಂಡರು. ಜೀವಂತ ಇರುವವಳ ಫೋಟೊಗೆ ಹಾರ ಹಾಕುತ್ತಾರಾ ಎಂದು ಬಂದವರೆಲ್ಲ ಬೈಯುತ್ತಾರೆ, ಅವರಿಗೇನು ಗೊತ್ತು ಎಂದರು. ನನ್ನ ಹೆಸರು ಹೂವಿನ ಹಿಂದೆ ಮುಚ್ಚಿಹೋಗಿತ್ತು. ಅಲ್ಲಿ ಅದಕ್ಕೆ ಕೆಲಸವೂ ಇರಲಿಲ್ಲ.

ಊಟವಾದ ಮೇಲೆ ದೊಡ್ಡತಾಯಮ್ಮ ಸೀರೆ ಸೆರಗು ಸರಿಮಾಡಿಕೊಂಡು ಆ ಫೋಟೊದ ಪಕ್ಕ ನಿಂತರು. ತಾಯಿ ಮಗಳದ್ದು ಜೊತೆಯಲ್ಲಿ ಒಂದು ಇರಲಿ ಎಂದು ಆಸೆ. ಒಳಮನೆಯ ಮಬ್ಬು ಬೆಳಕು ನನ್ನ ವ್ರತಕ್ಕೆ ಹೇಳಿ ಮಾಡಿಸಿದಂತಿತ್ತು. ಅವರು ಸ್ವಿಚ್ಚಿನ ಮೇಲೆ ಕೈ ಇಟ್ಟು ಕೇಳಿದರು. “ಲೈಟ್ ಆಕ್ಲಾ ಕಣಪ್ಪ? ಕತ್ಲಲ್ಲಿ ತಗುದ್ರೆ ಇಬ್ರೂ ನಮ್ಮವ್ವನೇ ಆಗ್ಬುಡ್ತೀವಿ.”

“ಹಾಕೀಮ್ಮ” ಎಂದೆ. ಟ್ಯೂಬ್‌ಲೈಟ್ ಎರಡು ಸಲ ಮಿಣುಕಿ ಹತ್ತಿಕೊಂಡಿತು. ಅಷ್ಟು ಸಾಲದೆಂದು ನಾನೇ ಚೀಲದ ತಳದಿಂದ ಫ್ಲಾಶನ್ನೂ ಹುಡುಕಿ ತೆಗೆದೆ.